ಕಂಪ್ಯೂಟರಿಗೆ ಒಡಪಿನ ಕೀಲಿ

ನಮ್ಮ ಮನಿಯ ಕಂಪ್ಯೂಟರಿಗೆ ಒಂದು ಕೌದಿ ಐತಿ. ಮಂದಿ ನಗತಾರ. ನಗಲಿ. ನನ್ನ ಹಳೇ ಇಳಕಲ್ ಸೀರಿಯ ಸೆರಗು, ನಮ್ಮ ಮನಿಯವರ ಧೋತರದ ಅಂಚು, ಸೊಸಿಯ ಚೂಡಿದಾರದ ತುಂಡು ಕೂಡಿಸಿ ನಾನೇ ಹೊಲದದ್ದು. ಯಲಬುರ್ಗಾ ಸೀಮಿಯ ಎರಿಮಣ್ಣಿನ ಧೂಳು ಕಂಡವರಿಗೆ ಇದರ ಕಾರಣ ಹೇಳಬೇಕಾಗಿಲ್ಲ. ಬ್ಯಾಸಗಿಯೊಳಗ ನಮ್ಮೂರು ತಳಕಲ್ಲಿನ ಗಾಳಿ ಎದ್ದರ ಮುಚ್ಚಿದ ಹಿಟ್ಟಿನ ಡಬ್ಬಿಯೊಳಗೂ ಮಣ್ಣು ಹೊಕ್ಕಿರತೈತಿ, ಇನ್ನ ಕಂಪ್ಯೂಟರ್ ಯಾವ ಲೆಕ್ಕ? ಆದ್ರ ಕೌದಿ ಹೊಚ್ಚೋದು ಅದನ್ನ ಪೂರಾ ಆರಿಸಿದ ಮ್ಯಾಲೆ. ಎಚ್ಚರಿದ್ದಾಗ ಹೊಚ್ಚಿದ್ರ ಅದಕ್ಕ ಉಬ್ಬಸ ಬರತೈತಿ, ಹಿಂದಿನ ಫ್ಯಾನು ಮುದುಕರ ಗೊರಕಿ ಹಂಗ ಸದ್ದು ಮಾಡತೈತಿ.

ಕೌದಿ ಹೊಲದು ಮುಗಿಸುವಾಗ ಕಡೀ ಮೂಲ್ಯಾಗ ಒಂದು ಚೂರು ರೊಟ್ಟಿ ಇಟ್ಟು ಬಾಯಿ ಹೊಲಿಯೂದು ನಮ್ಮ ಪದ್ಧತಿ. ಹಸದ ಕೌದಿ ಹೊತ್ತವರಿಗೆ ನಿದ್ದಿ ಕೊಡಂಗಿಲ್ಲ ಅಂತಾರ. ಕಂಪ್ಯೂಟರಿನ ಕೌದಿಗೂ ಇಟ್ಟೆ.

"ಅತ್ತೀ, ಇರಿವಿ ಬರತಾವ್ರಿ," ಅಂದ್ಲು ಸೊಸಿ ಶೋಭಾ.

ಬಂದ್ವು. ಕೀಬೋರ್ಡಿನ ಸಂದಿಯೊಳಗೆಲ್ಲ ಹೊಕ್ಕವು. ಕೀಬೋರ್ಡ್ ಬೋರಲು ಹಾಕಿ ಮೊರ ಬಡದಂಗ ಬಡದು ತೆಗದೆ. ಹಂಗಂತ ರೊಟ್ಟಿ ತೆಗೀಲಿಲ್ಲ.

ಶೋಭಾ ಕುಷ್ಟಗಿಯೊಳಗ ಒಂದು ಸರಕಾರಿ ಕಚೇರಿಯಾಗ ನೌಕರಿ ಮಾಡತಾಳ. ದಿನಾ ಬಸ್ಸಿಗೆ ಹೋಗಿ ಬರತಾಳ. ಯಾರೋ ಬ್ಯಾಡಂತ ಬಿಟ್ಟ ಹಳೇ ಕಂಪ್ಯೂಟರ್ ಆಕಿ ತಂದದ್ದು. ಮೊದಲಿದ್ದ ಸಾಫ್ಟ್‌ವೇರು ಆ ಮುದಿ ಯಂತ್ರಕ್ಕ ಭಾರ ಆಗಿ, ಏರು ಹತ್ತುವ ಎತ್ತಿನ ಹಂಗ ನಿಂತ ನಿಂತ ಹೋಗತಿತ್ತು. ಅದನ್ನ ತೆಗದು ಲಿನಕ್ಸ್ ಅನ್ನೋದನ್ನ ಹಾಕಿದ್ಲು. ಎತ್ತು ಅದೇ, ನೊಗ ಹಗುರಾತು, ನಡೀತು. ಅದಕ್ಕ ರೊಕ್ಕನೂ ಕೊಡಬೇಕಾಗಿಲ್ಲಂತ, ಯಾರ ಬೇಕಾದ್ರೂ ಹಾಕ್ಕೋಬೋದಂತ. ಪುಕ್ಕಟ ಸಿಕ್ಕದ್ದು ಛಲೋ ಇರೂದು ನಾ ಭಾಳ ಕಡಿಮಿ ನೋಡೀನಿ. ಇದನ್ನ ನೋಡೀನಿ.

ನಾ ಕಲಿತಾಕಿ ಅಲ್ಲ. ಕೊಪ್ಪಳ ಜಿಲ್ಲಾ ಆದ ಹೊತ್ತಿನ್ಯಾಗ ನಮ್ಮೂರ ಸಾಲಿ ಪಡಸಾಲ್ಯಾಗ ದೊಡ್ಡವರಿಗೆ ಸಂಜಿ ಸಾಲಿ ನಡಸತಿದ್ರು. ಮಳಕಾಲು ನೋಯುವ ವಯಸ್ಸಿನ್ಯಾಗ ಹೋಗಿ ಅ ಆ ಕಲಿತೆ. ನನ್ನ ನೆಗೆಣ್ಣಿ ಗಂಗವ್ವನೂ, ಅಂದ್ರ ನನ್ನ ಮೈದುನನ ಹೇಣ್ತಿ, ನಾಕ ದಿನ ಬಂದ್ಲು. ಸುಣ್ಣದ ಕಡ್ಡಿ ಧೂಳಿಗೆ ಕೆಮ್ಮು ಬರತೈತಿ ಅಂತ ಬಿಟ್ಲು. ಆಕಿ ಗಂಡ ತೀರಿ ಭಾಳ ವರ್ಷ ಆದ್ವು. ನಮ್ಮ ಮಗ್ಗಲದ ಮನ್ಯಾಗ ಇರತಾಳ, ಹಗಲೆಲ್ಲ ನಮ್ಮ ಪಡಸಾಲ್ಯಾಗ ಕೌದಿ ಹೊಲಕೋತ ಕೂಡತಾಳ. ಕಂಪ್ಯೂಟರ್ ಬಂದ ದಿನ ಅದರ ಸುತ್ತ ಒಂದ ಸಲ ಅಡ್ಡಾಡಿ, "ಹಾಲು ಕೊಡಂಗಿಲ್ಲ, ಹೆಂಡಿ ಹಾಕಂಗಿಲ್ಲ. ಇದಕ್ಕ ಜಾಗಾ ಯಾಕ ಕೊಟ್ಟಿ?" ಅಂತ ಕೇಳಿದ್ಲು.

"ನಿನಗೂ ಜಾಗಾ ಕೊಟ್ಟೀನಲ್ಲ," ಅಂದೆ.

ಅಕ್ಷರ ಕಡಿಮಿ ಇದ್ದಾಕಿಗೆ ಲಿನಕ್ಸ್ ಬರಂಗಿಲ್ಲ ಅಂತ ಯಾರರ ಹೇಳಿದ್ರ ನಂಬಬ್ಯಾಡ್ರಿ. ಅದರಾಗ ಒಂದು ಕರಿ ಕಿಡಕಿ ಐತಿ, ಟರ್ಮಿನಲ್ ಅಂತಾರ. ಮಂದಿ ಅದಕ್ಕ ಅಂಜತಾರ. ನಾ ಅಂಜಲಿಲ್ಲ, ಯಾಕಂದ್ರ ಅಲ್ಲಿ ಟ್ಯಾಬ್ ಗುಂಡಿ ಐತಿ. ಫೈಲಿನ ಹೆಸರಿನ ಮೊದಲ ಎರಡಕ್ಷರ ಹೊಡದು ಟ್ಯಾಬ್ ಒತ್ತಿದ್ರ ಉಳಿದದ್ದನ್ನ ತಾನೇ ಬರೀತೈತಿ. ಹಂಗ ಸುರು ಆಗುವ ಹೆಸರು ಎರಡು ಮೂರು ಇದ್ರ ಸುಮ್ಮನಿರತೈತಿ. ಮತ್ತೊಂದು ಸಲ ಒತ್ತಿದ್ರ ಎಲ್ಲಾನೂ ತೋರಸತೈತಿ, ಇದರಾಗ ಯಾವದು ಬೇಕವ್ವ ಅಂತ. ನಮ್ಮ ಓಣಿಯ ಪಾರವ್ವ ಹಿಂಗೇ, ನಾವು ಬಾಯಿ ತೆಗದ್ರ ಸಾಕು, ಮಾತು ಆಕಿ ಮುಗಸತಾಳ. ಮ್ಯಾಲಿನ ಬಾಣದ ಗುಂಡಿ ಒತ್ತಿದ್ರ ಮೊದಲು ಹೊಡದದ್ದೆಲ್ಲ ಒಂದೊಂದಾಗಿ ತಿರುಗಿ ಬರತೈತಿ. ನಿನ್ನಿ ಬೈದ ಬೈಗಳ ಇವತ್ತ ಬೈಯಾಕ ಹೊಸದಾಗಿ ಬಾಯಿ ನೋಯಿಸ್ಕೋಬೇಕಾಗಿಲ್ಲ.

ಪೆಟ್ಟೂ ತಿಂದೀನಿ. ಬ್ಯಾರೆ ಕಡೆ ಕಂಟ್ರೋಲ್ ಹಿಡದು ಸಿ ಒತ್ತಿದ್ರ ನಕಲು. ಕರಿ ಕಿಡಕಿಯೊಳಗ ಅದನ್ನ ಒತ್ತಿದ್ರ 'ಬಾಯಿ ಮುಚ್ಚು' ಅಂದಂಗ, ನಡದ ಕೆಲಸ ಅಲ್ಲೇ ನಿಂದರತೈತಿ. ಅಲ್ಲಿ ನಕಲು ಬೇಕಂದ್ರ ಶಿಫ್ಟನ್ನೂ ಕೂಡಿಸಿ ಒತ್ತಬೇಕು. ಫೈಲು ತೆಗಿಯೂದೂ ಹಂಗ. ಬಣ್ಣದ ಕಿಡಕಿಯೊಳಗ ಡಿಲೀಟ್ ಒತ್ತಿದ್ರ ಅದು ತಿಪ್ಪಿಗೆ ಬೀಳತೈತಿ. ಮನಸ್ಸು ತಿರುಗಿದ್ರ ಹೋಗಿ ಕೆದರಿ ತರಬೋದು. ಕರಿ ಕಿಡಕಿಯೊಳಗ ಆರ್ ಎಮ್ ಅಂತ ಹೊಡದ್ರ ತಿಪ್ಪಿ ಇಲ್ಲ, ನೇರ ಒಲಿ. ಬೂದಿ ಕೆದರಿದ್ರ ಏನ್ ಸಿಕ್ಕೀತು?

ನಾ ಇಷ್ಟೆಲ್ಲ ಕಲಿತದ್ದು ಕೌದಿ ಸಲುವಾಗಿ. ನಮ್ಮ ಓಣಿ ಹೆಂಗಸರು ಕೂಡಿ ಒಂದು ಸಂಘ ಮಾಡೀವಿ. ನಮ್ಮ ಕೌದಿ ಎಲ್ಲಿ ಹೋದ್ರೂ ಛಲೋ ಅಂತಾರ, ಹೊಲದಾಕಿ ಯಾರು ಅಂತ ಯಾರೂ ಕೇಳಂಗಿಲ್ಲ. ಅದಕ್ಕ ನಾ ಒಂದೊಂದು ಕೌದಿದೂ ಪಟಾ ತೆಗದು ಕಂಪ್ಯೂಟರಿಗೆ ಹಾಕಿ, ಎಫ್ ಎರಡು ಅನ್ನೋ ಗುಂಡಿ ಒತ್ತಿ ಪಟಕ್ಕ ಹೊಲದಾಕಿಯ ಹೆಸರು ಇಡತಿದ್ದೆ. ಅದು ಹೆಸರು ಬದಲು ಮಾಡೂ ಗುಂಡಿ. ಫೋನಿನಿಂದ ಬಂದಾಗ ಪಟಕ್ಕ ಬರೇ ಅಂಕಿ ಇರತಾವ, ಜೇಲಿನ ಕೈದಿಗೆ ಇದ್ದಂಗ. ಗಂಗವ್ವನ ಹೆಸರೂ ಇಟ್ಟೆ. "ನನ್ನ ಹೆಸರು ಅಲ್ಲ್ಯಾಕ ತುರಕತಿ? ರೇಶನ್ ಕಾರ್ಡಿನ್ಯಾಗ ಇದ್ರ ಸಾಕು," ಅಂದ್ಲು. ಅಂದ್ರೂ ಹತ್ತಿರ ಬಂದು ನೋಡಿದ್ಲು.

ಹೋದ ವರ್ಷ ಕೊಪ್ಪಳದಾಗ ಕೈಕೆಲಸದ ಪ್ರದರ್ಶನ ಇತ್ತು. ಪಟ, ಹೆಸರು ಕಳಸ್ರಿ, ದೊಡ್ಡದಾಗಿ ಬೋರ್ಡ್ ಮಾಡಿ ಕೌದಿ ಮಗ್ಗಲ ತೂಗಹಾಕತೀವಿ ಅಂದ್ರು. ಪೆನ್ ಡ್ರೈವಿಗೆ ನಕಲು ಮಾಡಿದೆ. ಪರದೆ ಮ್ಯಾಲೆ ಮುಗೀತು ಅಂತ ಕಂಡಿದ್ದ ತಡ, ಪಾರವ್ವ ಪೆನ್ ಕಿತಗೊಂಡು ಬಸ್ಸಿಗೆ ಓಡಿದ್ಲು. ಅಲ್ಲಿ ಹೋಗಿ ನೋಡಿದ್ರ ಒಳಗ ಏನೂ ಇಲ್ಲ. ಲಿನಕ್ಸಿನ ಗುಣ ಅದು. ಮುಗೀತು ಅಂತ ಹೇಳಿದ್ರೂ ಒಳಗೊಳಗ ಇನ್ನೂ ಸುರುವುತಿರತೈತಿ. ಪೆನ್ನಿನ ಹೆಸರಿನ ಮಗ್ಗಲ ಒಂದು ಸಣ್ಣ ಬಾಣ ಇರತೈತಿ, ಅದನ್ನ ಒತ್ತಿ, ಇನ್ನ ತೆಗೀಬೋದು ಅಂತ ಅದು ಹೇಳೂ ತನಕ ಕೈ ಹಚ್ಚಬಾರದು. ಹಾಲಿನ ಪಾತ್ರಿ ತುಂಬೂಕಿನ ಮೊದಲ ಆಕಳ ಕಾಲಾಗಿಂದ ಎಳಕೊಂಡ್ರ ಹೆಂಗ? ಕಡೀಕ ಅವರು ಒಂದು ಬೋರ್ಡ್ ಹಚ್ಚಿದ್ರು: ಗ್ರಾಮೀಣ ಮಹಿಳೆಯರ ಕಸೂತಿ. ಕಸೂತಿನೇ ಬ್ಯಾರೆ, ಕೌದಿನೇ ಬ್ಯಾರೆ. ಹೆಸರೂ ಹೋತು, ಕೆಲಸದ ಹೆಸರೂ ಹೋತು. ನಾ ಆ ಬೋರ್ಡಿನ ಮುಂದ ನಿಂತು ನೋಡಿ, ಚಹಾನೂ ಕುಡೀದ ಹೊಳ್ಳಿ ಬಂದೆ. ಬರುವ ವರ್ಷ ಹೆಸರು ಇಲ್ಲದ ತಳಕಲ್ಲಿನ ಕೌದಿ ಒಂದೂ ಅಲ್ಲಿ ಹೋಗೂದು ಬ್ಯಾಡ ಅಂತ ಸಂಘದಾಗ ಹೇಳಿಬಿಟ್ಟೆ.

ಆ ಮ್ಯಾಲೆ ನಾ ಪಟಗೋಳ್ನ ಭಾಳ ಜ್ವಾಕಿ ಮಾಡಿದೆ. ಯಾರೂ ಮುಟ್ಟಬಾರದು ಅಂತ ಕಂಪ್ಯೂಟರಿಗೆ ಕೀಲಿ ಹಾಕಿಸಿದೆ. ಕೀಲಿ ಅಂದ್ರ ಪಾಸ್‌ವರ್ಡ್. ಕೌದಿ ಹೊಲಕೋತ ಕುಂತ ಎಲ್ಲಾರ ಮುಂದ ಶೋಭಾ ಹೇಳಿಕೊಟ್ಲು: "ಅತ್ತೀ, ಮಕ್ಕಳ ಹೆಸರು, ಹುಟ್ಟಿದ ವರ್ಷ ಇಡಬ್ಯಾಡ್ರಿ. ನೀವು ಎಂದೂ ಮರಿಯದ ಒಂದು ಮಾತು ತಗೊಳ್ರಿ. ಒಂದೊಂದು ಶಬ್ದದ ಮೊದಲನೇ ಅಕ್ಷರ ಅಷ್ಟ ಹೊಡೀರಿ. ಉದ್ದ ಇದ್ದಷ್ಟೂ ಛಲೋ. ನನಗೂ ಹೇಳಬ್ಯಾಡ್ರಿ." ಕೀಬೋರ್ಡಿನ ಇಂಗ್ಲಿಷ್ ಅಕ್ಷರದ ಮಗ್ಗಲ ಸಣ್ಣ ಸಣ್ಣ ಕನ್ನಡ ಅಕ್ಷರ ಬರದು ಅಂಟಿಸಿಕೊಟ್ಲು: ಎಚ್ ಗುಂಡಿಗೆ ಹ, ಟಿ ಗುಂಡಿಗೆ ತ, ಹಿಂಗ.

ಎಂದೂ ಮರಿಯದ ಮಾತು ನನಗ ಒಂದೇ ಐತಿ. ನನ್ನ ಒಡಪು. ನಮ್ಮಲ್ಲಿ ಹೆಂಗಸರು ಗಂಡನ ಹೆಸರು ಬಾಯಿಬಿಟ್ಟು ಹೇಳಂಗಿಲ್ಲ. ಮದುವಿ, ಬಸರಿಯ ಕುಬಸ, ಕೂಸಿನ ತೊಟ್ಟಲ ಇಂಥಾ ಹೊತ್ತಿನ್ಯಾಗ ಉಳಿದ ಹೆಂಗಸರು ಬಾಗಲ ಅಡ್ಡ ನಿಂತು ಕೇಳಿದ್ರ, ಎರಡು ಸಾಲಿನ ಪದದಾಗ ಸೇರಿಸಿ ಹೇಳಬೇಕು. ಅದೇ ಒಡಪು. ನಮ್ಮ ಮನಿಯವರ ಹೆಸರು ಊರ ಅಗಸಿ ಬಾಗಲ ಮುಂದಿನ ದೇವರ ಹೆಸರು. ಅದಕ್ಕ ನಾ ಆ ದೇವರನ್ನೂ ಇಲ್ಲೀತನಕ ಬಾಲದಪ್ಪ ಅಂತ ಕರೀತೀನಿ, ದೇವರು ಸಿಟ್ಟಾಗಿಲ್ಲ. ನನ್ನ ಒಡಪು ನಾನೇ ಕಟ್ಟಿದ್ದು:

ಎರಿ ಹೊಲದಾಗ ಬಿಳಿಜ್ವಾಳ ತೆನಿ ಬಾಗಿ ತೂಗ್ಯಾವ,
ಹನಮಪ್ಪನ ಹೆಸರ ಹೇಳಾಕ ತುಟಿ ಯಾಕ ನಾಚ್ಯಾವ.

ಇದರ ಮೊದಲಕ್ಷರ ಹೊಡದೆ. ಪೂರಾ ಹೆಸರು ಬರಿಯೂದೂ ತಪ್ಪಿತು, ಒಂದು ಎಚ್ ಸಾಕಾತು. ಕರಿ ಕಿಡಕಿಯೊಳಗ ಪಾಸ್‌ವರ್ಡ್ ಕೇಳಿದಾಗ ಹೊಡದ್ರ ಪರದೆ ಮ್ಯಾಲೆ ಚುಕ್ಕಿ ಸೈತ ಮೂಡಂಗಿಲ್ಲ. ಮೊದಲ ಸಲ ಕೀಬೋರ್ಡ್ ಸತ್ತೈತಿ ಅನಕೊಂಡಿದ್ದೆ. ಸತ್ತಿರಂಗಿಲ್ಲ. ಸುಮ್ಮನ ಹೊಡದು ಎಂಟರ್ ಒತ್ತಬೇಕು. ಗಂಡನ ಹೆಸರೂ ಹಂಗಲ್ಲೇನು, ಬಾಯೊಳಗ ಇದ್ದರೂ ಹೊರಗ ಕಾಣಂಗಿಲ್ಲ. ನನಗ ಈ ಕೀಲಿ ಭಾಳ ಹಿಡಿಸಿತು. ಜಗತ್ತಿನ್ಯಾಗ ಯಾರೂ ಇದನ್ನ ತೆಗೀಲಾರರು ಅಂತ ಎದಿ ಉಬ್ಬಿಸಿಕೊಂಡು ಅಡ್ಡಾಡಿದೆ.

ಈ ವರ್ಷದ ಪ್ರದರ್ಶನದ ಮುಂಚಿನ ದಿನ ನಾ ಮರಳಿ ಅನ್ನೋ ಊರಿಗೆ ಹೋಗಿದ್ದೆ. ನನ್ನ ತಂಗಿ ಮಗಳಿಗೆ ಕುಬಸ. ಗಂಗಾವತಿ ಆಚೆ ಕಾಲುವಿ ನೀರಿನ ಊರು, ಎಲ್ಲಿ ನೋಡಿದ್ರೂ ನೆಲ್ಲು. ಹೊಂಡುವಾಗ ಸೂಪರ್ ಅನ್ನೋ ಗುಂಡಿ ಹಿಡದು ಎಲ್ ಒತ್ತಿ ಪರದೆಗೆ ಕೀಲಿ ಹಾಕಿದೆ. ಫೋನನ್ನ ಗೂಡಿನ್ಯಾಗ ಚಾರ್ಜಿಗೆ ಹಚ್ಚಿದ್ದೆ, ಅಲ್ಲೇ ಮರತೆ. ಮುಂದಿನದು ಪಾರವ್ವ ನನಗ ಹೇಳಿದ್ದು.

ಮುಂಜಾನೆ ಕೊಪ್ಪಳದಿಂದ ಪಾರವ್ವಗ ಫೋನ್ ಬಂತು. ಪಟ, ಹೆಸರು ಮಧ್ಯಾಹ್ನದೊಳಗ ಮುಟ್ಟಿದ್ರ ಬೋರ್ಡ್ ಆಗತೈತಿ, ಇಲ್ಲಂದ್ರ ಹೋದ ವರ್ಷದ ಬೋರ್ಡ್ ಇಟ್ಟೀವಿ, ಅದನ್ನ ಹಚ್ಚತೀವಿ ಅಂದ್ರಂತ. ಕೌದಿ ಎಲ್ಲಾ ಮೊದಲೇ ಹೋಗಿ ಮುಟ್ಟಿದ್ವು. ಪಾರವ್ವ ನಮ್ಮ ಮನಿಗೆ ಓಡಿ ಬಂದ್ಲು. ನನಗ ಫೋನ್ ಹಚ್ಚಿದ್ರ ಗೂಡಿನ್ಯಾಗ ಹಾಡತೈತಿ. ನನ್ನ ತಂಗಿ ನಂಬರ್ ಆ ಫೋನಿನ ಹೊಟ್ಟ್ಯಾಗ, ಅದಕ್ಕೂ ನಾ ಕೀಲಿ ಹಾಕಿದ್ದೆ. ಶೋಭಾನ್ನ ಕೇಳಿದ್ರ, "ನನಗೂ ಗೊತ್ತಿಲ್ರೀ ಅಕ್ಕಾರ. ನಾ ಬಂದು ತೆಗೀಬೋದು, ಆದ್ರ ಕುಷ್ಟಗಿಯಿಂದ ಬರೂದ್ರಾಗ ಸಂಜಿ ಆಗತೈತಿ," ಅಂದ್ಲಂತ.

ಗಂಗವ್ವ ಮೂಲ್ಯಾಗ ಹೊಲಕೋತ ಕುಂತಿದ್ಲು.

"ಚಿಗವ್ವಾ, ದೊಡ್ಡವ್ವ ಏನ್ ಕೀಲಿ ಹಾಕ್ಯಾಳೋ?" ಅಂತ ಪಾರವ್ವ ಕೇಳಿದ್ಲು.

"ಏನ್ ಹಾಕಿರತಾಳ? ಆಕಿಗೆ ಬರೂದು ಅದೊಂದ. ಮದವ್ಯಾಗ ಹೇಳತಾಳ, ತೊಟ್ಟಲದಾಗ ಹೇಳತಾಳ, ಬಸ್ಸಿನ್ಯಾಗ ಯಾರರ ಕೇಳಿದ್ರೂ ಹೇಳತಾಳ. ಕುಂದರು. ನಾ ಹೇಳತೀನಿ, ನೀ ಮೊದಲಕ್ಷರ ಹುಡುಕು."

ಎರಿ ಹೊಲದಿಂದ ಸುರು ಮಾಡಿದ್ಲು. ತೂಗ್ಯಾವ ತನಕ ಬಂದು ನಿಂತ್ಲು. ಮುಂದಿಂದು ಆಕಿಗೆ ಭಾವನ ಹೆಸರು, ಆಕಿನೂ ಹೇಳಂಗಿಲ್ಲ. ಗದ್ದದಿಂದ ಹೊರಗಿನ ಕಟ್ಟಿ ಕಡೆ ತೋರಿಸಿ, "ಅವರು," ಅಂದ್ಲು.

ಕಟ್ಟಿ ಮ್ಯಾಲೆ ಕುಂತಿದ್ದ ನಮ್ಮ ಮನಿಯವರು ಒಳಗ ಹಣಿಕಿ, "ಏನ್ ನಡಸೀರಿ?" ಅಂದ್ರು.

ಗಂಗವ್ವ ಸೆರಗು ಮುಂದಕ್ಕ ಎಳಕೊಂಡ್ಲು. ಪಾರವ್ವ ಹೇಳಿದ್ಲು, "ನಿಮ್ಮ ಹೆಸರು ಹೊಡ್ಯಾಕತ್ತೀವ್ರಿ ದೊಡ್ಡಪ್ಪಾ."

"ನನ್ನ ಹೆಸರಿಗೆ ಏನಾಗೈತಿ?"

"ಏನೂ ಆಗಿಲ್ರಿ. ಮೊದಲಕ್ಷರ ಅಷ್ಟ ಬೇಕು."

"ತಗೋರಿ, ನಾನರ ಏನ್ ಮಾಡ್ಲಿ ಅದನ್ನ," ಅಂತ ಮತ್ತ ಬೀಡಿ ಹಚ್ಚಿದ್ರಂತ.

ಹೊಡದ್ರು. ತೆರೀಲಿಲ್ಲ. ಪಾರವ್ವ ಅಳೂ ಹಂಗ ಆದ್ಲು. ಗಂಗವ್ವ ಸೂಜಿ ಕೌದಿಗೆ ಚುಚ್ಚಿಟ್ಟು ಎದ್ದು ಬಂದು ಕೀಬೋರ್ಡ್ ನೋಡಿದ್ಲು. "ಆ ಸಣ್ಣ ದೀಪ ಯಾಕ ಉರಿಯಾಕತ್ತೈತಿ? ಆಕಿ ಹೊಡಿಯುವಾಗ ಅದು ಉರಿಯಂಗಿಲ್ಲ." ಅದು ಕ್ಯಾಪ್ಸ್ ಲಾಕಿನ ದೀಪ. ಉರದ್ರ ಎಲ್ಲಾ ಅಕ್ಷರ ದೊಡ್ಡವು ಬೀಳತಾವ, ಕೀಲಿ ಒಪ್ಪಂಗಿಲ್ಲ. ನಿಮ್ಮದೂ ಒಪ್ಪದಿದ್ರ ಮೊದಲು ಆ ದೀಪ ನೋಡ್ರಿ, ಆಮ್ಯಾಲೆ ಕಂಪ್ಯೂಟರಿಗೆ ಬೈರಿ. ಅದನ್ನ ಆರಿಸಿ ಮತ್ತ ಹೊಡದ್ರು. ತೆರೀತು.

ಪಟದ ಫೋಲ್ಡರಿಗೆ ಹೋಗಿ ಕಂಟ್ರೋಲ್ ಎ ಒತ್ತಿ ಎಲ್ಲಾ ಆರಿಸಿ, ಸಿ ಒತ್ತಿ ಎತ್ತಿ, ಪೆನ್ನಿನ್ಯಾಗ ವಿ ಒತ್ತಿ ಇಳಿಸಿದ್ರು. ಅಷ್ಟರಾಗ ಅಗಸಿಯೊಳಗ ಬಸ್ಸಿನ ಹಾರ್ನ್ ಕೇಳಿತು. ಪಾರವ್ವನ ಕೈ ಪೆನ್ನಿಗೆ ಹೋತು. ಗಂಗವ್ವ ಆ ಕೈ ಮ್ಯಾಲೆ ಒಂದು ಕೊಟ್ಲು.

"ಬಾಣ ಒತ್ತು ಮೊದಲು."

"ಬಸ್ ಹೊಂಟೈತಿ ಚಿಗವ್ವಾ."

"ಹೋಗಲಿ. ಹೋದ ವರ್ಷ ಬಸ್ ಸಿಕ್ಕಿತ್ತು, ಏನ್ ಒಯ್ದಿದ್ದಿ?"

ಬಾಣ ಒತ್ತಿ ಇಬ್ಬರೂ ಪರದೆ ನೋಡಕೋತ ನಿಂತ್ರು. ಹಾರ್ನ್ ಮತ್ತೊಮ್ಮೆ ಆತು. ಗಂಗವ್ವ ಭಾವನ ಎದುರು ಮಾತಾಡಂಗಿಲ್ಲ. ಗ್ವಾಡಿಗೆ ಹೇಳಿದಂಗ, "ಯಾರರ ಹೋಗಿ ಬಸ್ಸಿನ ಮುಂದ ನಿಂತ್ರ ಛಲೋ ಇತ್ತು," ಅಂದ್ಲು. ನಮ್ಮ ಮನಿಯವರು ಬಡಿಗಿ ಊರಿಕೊಂಡು ಹೋಗಿ ಬಸ್ಸಿನ ಮುಂದ ನಿಂತೇ ಬಿಟ್ರಂತ. ಕಂಡಕ್ಟರ್ ಏನೇನೋ ಅಂದ. ಇವರಿಗೆ ಒಂದು ಕಿವಿ ಕೇಳಂಗಿಲ್ಲ. ಆ ಕಿವಿ ಅವನ ಕಡೆ ಮಾಡಿ ನಿಂತಿದ್ರಂತ, ಪಾರವ್ವ ಬಂದು ಹತ್ತೂ ತನಕ.

ಅದೇ ಹೊತ್ತಿಗೆ ನಾ ಮರಳಿಯೊಳಗ ಏನ್ ಮಾಡಾಕತ್ತಿದ್ದೆ ಗೊತ್ತೇನ್ರಿ? ಹೆಂಗಸರು ಬಾಗಲ ಅಡ್ಡ ಹಿಡದು ಒಡಪು ಕೇಳಿದ್ರು. ಕುಬಸದ ಮನಿ ತುಂಬಾ ಕೇಳೂ ಹಂಗ ದೊಡ್ಡ ದನಿಯಿಂದ ನನ್ನ ಪಾಸ್‌ವರ್ಡ್ ಹೇಳಾಕತ್ತಿದ್ದೆ.

ಮರುದಿನ ಹೊಳ್ಳಿ ಬರುವಾಗ ಕೊಪ್ಪಳದಾಗ ಇಳದೆ. ಏನೂ ಗೊತ್ತಿರಲಿಲ್ಲ. ಮನಿಗೆ ಹೋಗಿ ಪೆನ್ ಡ್ರೈವ್ ತಂದು ಕೊಟ್ರಾತು ಅಂತ ಮಾಡಿದ್ದೆ, ಸುಮ್ಮನ ಜಾಗಾ ನೋಡಿ ಹೋಗೋಣ ಅಂತ ಒಳಗ ಹೋದೆ. ಗ್ವಾಡಿ ತುಂಬಾ ನಮ್ಮ ಕೌದಿ. ಒಂದೊಂದರ ಮಗ್ಗಲೂ ಒಂದೊಂದು ಬೋರ್ಡ್. ತಳಕಲ್, ಪಾರವ್ವ. ತಳಕಲ್, ಗಂಗವ್ವ. ಇಟಗಿ ಗುಡಿಯ ಕಂಬದಾಗಿನ ಗೆರಿ ನೋಡಿ ಅಂಚು ಹಾಕಿದ ನನ್ನ ಕೌದಿ ಮಗ್ಗಲ, ತಳಕಲ್, ದ್ಯಾಮವ್ವ. ಮ್ಯಾಲೆ ಕೌದಿ ಅಂತ ಬರದಿದ್ರು, ಕಸೂತಿ ಅಂತ ಅಲ್ಲ. ನಾ ಒಂದೊಂದನ್ನೂ ಬೆರಳಿಟ್ಟು ಓದಿದೆ. ಪ್ಯಾಟಿಯ ಒಬ್ಬ ಹೆಣ್ಣುಮಗಳು, "ಅಜ್ಜೀ, ಇವರೆಲ್ಲ ನಿಮಗ ಗೊತ್ತೇನು?" ಅಂತ ಕೇಳಿದ್ಲು. "ಇವರಿಗೆ ನಾ ಗೊತ್ತು," ಅಂದೆ. ಸಂಜಿ ಸಾಲ್ಯಾಗ ಕಲಿತ ಅಕ್ಷರ ಆವತ್ತ ವಸೂಲಾದ್ವು. ಚಹಾ ಕುಡದೆ, ಎರಡು ಕಪ್ಪು.

ಮನಿಗೆ ಬಂದ ಮ್ಯಾಲೆ ಪಾರವ್ವ ಇಷ್ಟೂ ಕಥಿ ಹೇಳಿದ್ಲು. ಗಂಗವ್ವ ಮೂಲ್ಯಾಗ ತನ್ನ ಪಾಡಿಗೆ ಹೊಲ್ಯಾಕತ್ತಿದ್ಲು. ನಾಕ ದಿನಕ್ಕ ಸಾಲಿ ಬಿಟ್ಟಾಕಿ ನನ್ನ ಬೆನ್ನ ಹಿಂದ ಕುಂತು ಎಲ್ಲಾ ಕಲಿತು ಕುಂತಾಳ, ಒಂದು ದಿನ ಬಾಯಿ ಬಿಟ್ಟಿಲ್ಲ. ಪಾರವ್ವ ಮನಿಗೆ ಹೋದ್ಲು. ನಾ ಕಂಪ್ಯೂಟರ್ ಮುಂದ ಕುಂತು ಒಡಪು ಹೊಡದೆ. ಒಪ್ಪಲಿಲ್ಲ. ದೀಪ ನೋಡಿದೆ, ಆರಿತ್ತು. ಮತ್ತ ಹೊಡದೆ. ಒಪ್ಪಲಿಲ್ಲ.

"ಬದಲಿ ಮಾಡೀನಿ," ಅಂದ್ಲು ಗಂಗವ್ವ, ತಲಿ ಎತ್ತದ. "ನಿನ್ನ ಕೀಲಿ ಮೂರೂರಿಗೆ ಗೊತ್ತೈತಿ. ಅದಕ್ಕ ಕೀಲಿ ಅಂತಾರೇನು? ನಿನ್ನಿ ಸಂಜೀಕ ಶೋಭಾ ಸೆಟ್ಟಿಂಗ್ ತೆಗದು ಕೊಟ್ಲು. ಹಳೇದು ಒಂದು ಸಲ, ಹೊಸದು ಎರಡು ಸಲ. ಆಕಿ ಮಾರಿ ತಿರುವಿಕೊಂಡು ನಿಂತಿದ್ಲು, ನಾನೇ ಹೊಡದೆ."

"ಏನಂತ ಹೊಡದಿ?"

ಗಂಗವ್ವ ದಾರ ಹಲ್ಲಿನಿಂದ ಕಡದ್ಲು.

ನಾ ವಿಚಾರ ಮಾಡಿದೆ. ಗಂಡ ಸತ್ತಾಕಿಗೆ ಯಾರೂ ಒಡಪು ಕೇಳಂಗಿಲ್ಲ. ಮದವ್ಯಾಗ ಬಾಗಲ ಅಡ್ಡ ಹಿಡದವರು ಆಕಿ ಬಂದ್ರ ಸರದು ದಾರಿ ಬಿಡತಾರ. ನನ್ನ ಮೈದುನ ಈರಪ್ಪ ತೀರಿದಾಗಿಂದ ಗಂಗವ್ವನ ಒಡಪನ್ನ ಊರು ಕೇಳಿಲ್ಲ. ಪಾರವ್ವ ಅಂಥಾವರು ಆಗಿನ್ನೂ ಈ ಊರಿಗೆ ಬಂದೇ ಇರಲಿಲ್ಲ. ಕೇಳಿದ ಮುದುಕ್ಯಾರು ಒಬ್ಬೊಬ್ಬರೇ ಹೋದ್ರು. ಆಕಿ ಮದುವ್ಯಾಗಿ ಬಂದ ದಿನ ಈ ಮನಿಯ ಹೊಸ್ತಿಲದಾಗ ಅಡ್ಡ ನಿಂತು ಅದನ್ನ ಹೇಳಿಸಿದಾಕಿ ನಾನು. ದನಿ ಸಣ್ಣ ಮಾಡಿದ್ಲು ಅಂತ ಮತ್ತೊಮ್ಮೆ ಹೇಳಿಸಿದಾಕಿನೂ ನಾನೇ. ಅದರಾಗ ಕುಸುಬಿ ಹೂವು ಬರತೈತಿ. ನಿಮಗ ಅಷ್ಟ ಹೇಳತೀನಿ, ಮುಂದಿಂದು ಹೇಳಂಗಿಲ್ಲ.

ಒಂದೊಂದೇ ಅಕ್ಷರ ಹುಡುಕಿ ಹೊಡದೆ. ಎಂಟರ್ ಒತ್ತಿದೆ.

ಗಂಗವ್ವನ ಸೂಜಿ ನಿಂತಿತ್ತು. "ತೆರೀತೇನು?" ಅಂದ್ಲು.

"ತೆರೀತು."

"ಹಂಗಾರ ಇಬ್ಬರಿಗೆ ಗೊತ್ತೈತಿ," ಅಂತ ಮತ್ತ ಹೊಲ್ಯಾಕ ಹತ್ತಿದ್ಲು.